ಎರಡು ಕೇಳಿದರೆ ಮೂರು ಬಂತು: ಜರ್ಮನಿಯಲ್ಲಿ ಬಿಯರ್ ಕೇಳುವಾಗಿನ ಎಡವಟ್ಟುಗಳು

ಪ್ರಶ್ನೆ: ನನ್ನ ಊರು ಹಾಸನದ ಕಡೆ. ಕಂಪನಿ ಕೆಲಸದ ಮೇಲೆ ಮ್ಯೂನಿಕ್‌ಗೆ ಬಂದು ನಾಲ್ಕು ತಿಂಗಳಾಯಿತು. ಬರುವ ಮೊದಲು ಬೆಂಗಳೂರಿನಲ್ಲಿ ಎ1 ಮಟ್ಟದ ಜರ್ಮನ್ ಕಲಿತೆ, ಪರೀಕ್ಷೆಯೂ ಪಾಸಾಯಿತು. ಆದರೆ ಬಿಯರ್ ಕೇಳುವ ಹೊತ್ತಿಗೆ ಏನಾದರೊಂದು ಎಡವಟ್ಟಾಗುತ್ತದೆ. ಗಲಾಟೆಯಿದ್ದ ಒಂದು ಹಾಲ್‌ನಲ್ಲಿ ಎರಡು ಕೇಳಿದೆ, ಮೂರು ಬಂತು, ಅದೂ ಒಂದೊಂದು ಲೀಟರಿನ ಮಗ್ಗು. ಇನ್ನೊಂದು ಕಡೆ ‘ಇನ್ನೊಂದು ತರಲಾ’ ಎಂದದ್ದಕ್ಕೆ ನಗುತ್ತ ತಲೆಯಾಡಿಸಿ ‘ಡಾಂಕೆ’ ಎಂದೆ, ಬರಲೇ ಇಲ್ಲ. ಕಲೋನ್‌ಗೆ ಹೋದಾಗ ಕೇಳದೆಯೇ ಪುಟ್ಟ ಲೋಟಗಳು ಬರುತ್ತಲೇ ಇದ್ದವು. ಕೊನೆಗೆ ನೋಡಿದರೆ ಲೋಟದಡಿಯ ರಟ್ಟಿನ ಮೇಲೆ ಹನ್ನೊಂದು ಗೀಟು! ಜೊತೆಗಿದ್ದ ಗೆಳೆಯ ಮೆನುವಿನಲ್ಲಿ ‘ಅರ್ಧ ಹುಂಜ’ ಎಂದಿದ್ದನ್ನು ನೋಡಿ ತರಿಸಿದ. ಬಂದದ್ದು ಬನ್ನು ಮತ್ತು ಚೀಸ್. ಪಿಲ್ಸ್ ಕೇಳಿದ ದಿನ ಸಹೋದ್ಯೋಗಿಗಳು ‘ಇವನಿಗೆ ಅಣಬೆ ಬೇಕಂತೆ’ ಎಂದು ನಕ್ಕರು. ನನ್ನ ಉಚ್ಚಾರಣೆಯೇ ಕೆಟ್ಟದ್ದೇ? ಇಂಗ್ಲಿಷಿನಲ್ಲೇ ಕೇಳಿಬಿಡುವುದು ವಾಸಿಯೇ? ಮುಂದಿನ ತಿಂಗಳು ಹೆಂಡತಿ ಬರುತ್ತಾಳೆ. ಅವಳು ಮದ್ಯ ಮುಟ್ಟುವುದಿಲ್ಲ, ಸಸ್ಯಾಹಾರಿ. ಅವಳಿಗಾಗಿ ಏನನ್ನು, ಹೇಗೆ ಕೇಳಬೇಕು? ಇಬ್ಬರೂ ಪ್ರಾಗ್‌ಗೆ ಹೋಗುವ ಯೋಚನೆಯೂ ಇದೆ.

ಉತ್ತರ: ನೀವು ಬರೆದ ಐದು ಘಟನೆಗಳಲ್ಲಿ ಉಚ್ಚಾರಣೆಗೆ ಸಂಬಂಧಿಸಿದ್ದು ಒಂದೇ ಒಂದು, ಅಣಬೆಯದು. ಅದರಲ್ಲೂ ನಿಮ್ಮ ತಪ್ಪಿಲ್ಲ. ಉಳಿದ ನಾಲ್ಕರಲ್ಲಿ ನಾಲಿಗೆ ತನ್ನ ಕೆಲಸ ಸರಿಯಾಗಿಯೇ ಮಾಡಿದೆ, ಎಡವಿದ್ದು ಬೆರಳು, ತಲೆ, ಮತ್ತು ಆಯಾ ಊರಿನ ರೂಢಿ ಗೊತ್ತಿಲ್ಲದ್ದು. ಜರ್ಮನ್ ಕಲಿತು ಹೊರಟ ಕನ್ನಡಿಗರಲ್ಲಿ ಬಹುಪಾಲು ಜನ ಇದೇ ಜಾಗಗಳಲ್ಲಿ ಎಡವುತ್ತಾರೆ, ಆಮೇಲೆ ತಮ್ಮ ಉಚ್ಚಾರಣೆಯನ್ನು ಬೈದುಕೊಂಡು ಮಾತನಾಡುವುದನ್ನೇ ನಿಲ್ಲಿಸುತ್ತಾರೆ. ನನಗೆ ಬೇಸರವಾಗುವುದು ಆ ಕೊನೆಯ ಸಂಗತಿಗೆ.

ಮೊದಲು ಅಣಬೆ. ಜರ್ಮನ್‌ನಲ್ಲಿ ‘ಪಿಲ್ಸ್’ ಬಿಯರು, ‘ಪಿಲ್ಟ್ಸ್’ ಅಣಬೆ. ಕಾಗದದ ಮೇಲೆ ವ್ಯತ್ಯಾಸ ಸ್ಪಷ್ಟ. ಬಾಯಲ್ಲಿ ಹಾಗಲ್ಲ. ಲ್ ಹೇಳುವಾಗ ನಾಲಿಗೆಯ ತುದಿ ಹಲ್ಲಿನ ಹಿಂದೆ ಅಂಟಿರುತ್ತದೆ. ಅಲ್ಲಿಂದ ಸ್‌ಗೆ ಜಾರುವಾಗ ನಡುವೆ ಸಣ್ಣ ಟ್ ತಾನಾಗಿ ಹುಟ್ಟುತ್ತದೆ. ಜರ್ಮನ್ನರೇ ಬೇಗ ಮಾತನಾಡಿದಾಗ ಎರಡೂ ಪದ ಒಂದೇ ಥರ ಕೇಳುತ್ತವೆ, ಹಾಗಾಗಿ ಇದು ಅವರಲ್ಲೇ ಹಳೆಯ ತಮಾಷೆ. ಬಿಯರ್ ಹಾಲ್‌ನಲ್ಲಿ ಕೂತು ಪಿಲ್ಸ್ ಕೇಳಿದವನಿಗೆ ಯಾರೂ ಅಣಬೆ ತಂದುಕೊಡುವುದಿಲ್ಲ. ನಿಮ್ಮ ಸಹೋದ್ಯೋಗಿಗಳು ನಕ್ಕದ್ದು ಆ ಹಳೆಯ ತಮಾಷೆಗೆ, ನಿಮಗಲ್ಲ.

ಒಂದಕ್ಷರ ತಪ್ಪಿದರೆ ಊರೆಲ್ಲ ನಗುತ್ತದೆ ಎಂಬ ಭಯಕ್ಕೆ ಆಧಾರವಾಗಿ ಎಲ್ಲರೂ ಹೇಳುವ ಕಥೆಯೊಂದಿದೆ. 1963ರ ಜೂನ್ 26ರಂದು ಬರ್ಲಿನ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ‘ಇಶ್ ಬಿನ್ ಐನ್ ಬರ್ಲಿನರ್’ ಎಂದರು, ಅದರ ಅರ್ಥ ‘ನಾನೊಂದು ಜಾಮ್ ತುಂಬಿದ ಡೋನಟ್’ ಎಂದಾಗಿ ಜನ ನಕ್ಕರು ಎನ್ನುತ್ತಾರೆ. ಇದು ಸುಳ್ಳು. ವಾಕ್ಯದ ವ್ಯಾಕರಣ ಸರಿಯಾಗಿತ್ತು, ಜನಕ್ಕೆ ಸರಿಯಾಗಿಯೇ ಅರ್ಥವಾಯಿತು. ಆ ತಿಂಡಿಗೆ ಬರ್ಲಿನ್‌ನಲ್ಲಿ ‘ಬರ್ಲಿನರ್’ ಎಂಬ ಹೆಸರೂ ಇಲ್ಲ, ಅಲ್ಲಿ ಅದು ‘ಫನ್‌ಕೂಖನ್’. ಕೇಳುವವರು ಸಂದರ್ಭ ನೋಡಿ ಅರ್ಥಮಾಡಿಕೊಳ್ಳುತ್ತಾರೆ.

ಸಂದರ್ಭ ಸಹಾಯ ಮಾಡದ ಜಾಗ ಒಂದಿದೆ: ಸಂಖ್ಯೆ. ಎರಡೂ ಸಾಧ್ಯ, ಮೂರೂ ಸಾಧ್ಯ. ನಿಮ್ಮ ಮೂರು ಮಗ್ಗು ಬಂದದ್ದು ಹೀಗೆ.

ಜರ್ಮನ್ನರು ಹೆಬ್ಬೆರಳಿನಿಂದ ಎಣಿಸಲು ಶುರುಮಾಡುತ್ತಾರೆ. ಹೆಬ್ಬೆರಳು ಎತ್ತಿದರೆ ಒಂದು, ಹೆಬ್ಬೆರಳು ಮತ್ತು ತೋರುಬೆರಳು ಸೇರಿ ಎರಡು, ನಡುಬೆರಳೂ ಸೇರಿದರೆ ಮೂರು. ನಮಗೆ ಹೆಬ್ಬೆರಳು ಎಣಿಸುವ ಬೆರಳೇ ಹೊರತು ಎಣಿಕೆಗೆ ಸೇರುವ ಬೆರಳಲ್ಲ. ಸಂತೆಯಲ್ಲಿ ಲೆಕ್ಕ ಹಾಕುವಾಗ ಅದು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಾಡುತ್ತಿರುತ್ತದೆ. ಆದ್ದರಿಂದ ‘ಎರಡು’ ಎಂದು ತೋರಿಸುವಾಗ ತೋರುಬೆರಳು, ನಡುಬೆರಳು ಎತ್ತುತ್ತೇವೆ, ಹೆಬ್ಬೆರಳು ಪಕ್ಕದಲ್ಲಿ ಸಡಿಲವಾಗಿ ಚಾಚಿಕೊಂಡಿದ್ದರೂ ಗಮನಕ್ಕೆ ಬರುವುದಿಲ್ಲ. ಹತ್ತು ಅಡಿ ದೂರದಲ್ಲಿ ಆರೇಳು ಮಗ್ಗು ಹಿಡಿದು ನಡೆಯುತ್ತಿರುವ ಪರಿಚಾರಕಿಗೆ ಆ ಕೈಯಲ್ಲಿ ಕಾಣುವುದು ಅಚ್ಚುಕಟ್ಟಾದ ಮೂರು. ಅದರ ಮೇಲೆ ಎರಡಕ್ಕೆ ‘ಟ್ಸ್ವೈ’, ಮೂರಕ್ಕೆ ‘ಡ್ರೈ’. ಗಲಾಟೆಯಲ್ಲಿ ಎರಡರಿಂದಲೂ ಕಿವಿಗೆ ಬೀಳುವುದು ಕೊನೆಯ ‘ಐ’ ಮಾತ್ರ. ಕೈ ಮೂರು ಎಂದಿತು, ಬಾಯಿ ಅದನ್ನು ಅಲ್ಲಗಳೆಯಲಿಲ್ಲ.

ಇದಕ್ಕೆ ಜರ್ಮನ್ನರೇ ಕಂಡುಕೊಂಡ ಉಪಾಯ ‘ಟ್ಸ್ವೋ’. ಫೋನಿನಲ್ಲಿ, ರೇಡಿಯೋದಲ್ಲಿ, ಗದ್ದಲದಲ್ಲಿ ಎರಡಕ್ಕೆ ಟ್ಸ್ವೈ ಬದಲು ಟ್ಸ್ವೋ ಎನ್ನುತ್ತಾರೆ, ಮೂರರ ಜೊತೆ ಕಲಸಿಹೋಗಬಾರದು ಎಂದೇ. ಪಠ್ಯಪುಸ್ತಕ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತದೆ, ಬಿಯರ್ ಹಾಲ್‌ನಲ್ಲಿ ಇದರಷ್ಟು ಉಪಯೋಗದ ಪದ ಇನ್ನೊಂದಿಲ್ಲ. ಹೆಬ್ಬೆರಳು, ತೋರುಬೆರಳು ಎತ್ತಿ ‘ಟ್ಸ್ವೋ ಹೆಲೆ, ಬಿಟೆ’ ಎನ್ನಿ, ಅಂದರೆ ತಿಳಿ ಬಣ್ಣದ ಬಿಯರ್ ಎರಡು, ದಯವಿಟ್ಟು. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಒಂದರಿಂದ ಐದರವರೆಗೆ ಹೆಬ್ಬೆರಳಿನಿಂದ ಎಣಿಸುವುದನ್ನು ನಾಲ್ಕು ದಿನ ಅಭ್ಯಾಸ ಮಾಡಿ. ಉಚ್ಚಾರಣೆಗೆ ಒಂದು ತಿಂಗಳು ಕೊಡುವುದಕ್ಕಿಂತ ಇದು ಲಾಭ.

ನಾಲ್ಕು ಬೇಕಾದಾಗ ಮಾತ್ರ ನಿಜವಾದ ಉಚ್ಚಾರಣೆಯ ಹಳ್ಳವೊಂದಿದೆ. ನಾಲ್ಕಕ್ಕೆ ಬರೆಯುವ ಪದದ ಮೊದಲ ಅಕ್ಷರ ಇಂಗ್ಲಿಷಿನ ವಿ, ಹೇಳುವುದು ಫ಼: ‘ಫ಼ೀಅ’. ಇಂಗ್ಲಿಷಿನ ರೂಢಿಯಲ್ಲಿ ‘ವೀರ್’ ಎಂದುಬಿಟ್ಟರೆ ಅದು ‘ನಾವು’ ಎಂಬ ಪದವಾಗುತ್ತದೆ. ‘ನಾವು ಬಿಯರ್, ದಯವಿಟ್ಟು’ ಎಂದಂತೆ. ಪರಿಚಾರಕ ತಲೆ ಎಣಿಸಿ ಅಷ್ಟು ತಂದರೂ ತಂದಾನು. ಇದೇ ಫ಼ ಇನ್ನೊಂದು ಕಡೆ ಬೇಕು: ಪೀಪಾಯಿಯಿಂದ ನೇರವಾಗಿ ಹಿಡಿದ ಬಿಯರ್‌ಗೆ ‘ಫ಼ೊಮ್ ಫ಼ಾಸ್’. ನಮ್ಮಲ್ಲಿ ಹಲವರು ಇದನ್ನು ಮಹಾಪ್ರಾಣದ ಫ ಮಾಡಿ ‘ಫಾಸ್’ ಎನ್ನುತ್ತಾರೆ, ಜರ್ಮನ್ ಕಿವಿಗೆ ಅದು ‘ಪಾಸ್’, ಅಂದರೆ ಪಾಸ್‌ಪೋರ್ಟ್. ಕೆಳದುಟಿಯನ್ನು ಮೇಲಿನ ಹಲ್ಲಿಗೆ ತಾಗಿಸಿ ಗಾಳಿ ಬಿಟ್ಟರೆ ಸಾಕು, ತುಟಿಗಳೆರಡೂ ಕೂಡಬಾರದು.

ಬಿಯರ್ ಎಷ್ಟಿದ್ದರೂ ಪದ ಏಕವಚನದಲ್ಲೇ ಇರುತ್ತದೆ, ‘ಟ್ಸ್ವೈ ಬೀಅ’. ಇಂಗ್ಲಿಷಿನಿಂದ ಯೋಚಿಸುವವರು ಇಲ್ಲಿ ಬಹುವಚನ ಸೇರಿಸಿ ‘ಎರಡು ಬಗೆಯ ಬಿಯರ್’ ಎಂಬ ಅರ್ಥ ತರುತ್ತಾರೆ. ಕನ್ನಡದಿಂದ ಯೋಚಿಸಿ, ತಾನಾಗಿ ಸರಿಹೋಗುತ್ತದೆ. ದರ್ಶಿನಿಯಲ್ಲಿ ‘ಎರಡು ಕಾಫಿ’ ಎನ್ನುತ್ತೇವೆಯೇ ಹೊರತು ‘ಎರಡು ಕಾಫಿಗಳು’ ಎನ್ನುವುದಿಲ್ಲವಲ್ಲ.

ಇನ್ನು ‘ಡಾಂಕೆ’. ಏನಾದರೂ ಬೇಕೇ ಎಂದು ಕೇಳಿದಾಗ ಬರೀ ಡಾಂಕೆ ಎಂದರೆ ಜರ್ಮನ್‌ನಲ್ಲಿ ಅದು ನಮ್ಮ ‘ಸಾಕು’. ‘ಬೇಡ, ಥ್ಯಾಂಕ್ಸ್’ ಎಂಬುದರ ಬೇಡ ಬಿದ್ದುಹೋಗಿ ಥ್ಯಾಂಕ್ಸ್ ಉಳಿದಿದೆ. ನೀವು ಮೇಲಿಂದ ತಲೆಯನ್ನೂ ಆಡಿಸಿದ್ದೀರಿ. ನಾವು ಒಪ್ಪಿಗೆಗೆ ತಲೆಯನ್ನು ಅತ್ತಿತ್ತ ಓಲಾಡಿಸುವುದು ಅಲ್ಲಿ ನಕಾರದಂತೆ ಕಾಣುತ್ತದೆ. ಬಾಯಿ ‘ಸಾಕು’ ಎಂದಿತು, ತಲೆ ‘ಬೇಡ’ ಎಂದಿತು, ಅವರು ಮರ್ಯಾದೆಯಿಂದ ಹೊರಟುಹೋದರು. ಬೇಕಿದ್ದರೆ ‘ಗೆರ್ನ’ ಎನ್ನಿ, ಅಂದರೆ ‘ಹೂಂ, ಖುಷಿಯಿಂದ’. ‘ಯಾ, ಬಿಟೆ’ ಎಂದರೂ ಸರಿ. ತಲೆ ಆಡಿಸಲೇಬೇಕಿದ್ದರೆ ಮೇಲೆ ಕೆಳಗೆ. ತಾನಾಗಿ ಕೇಳಬೇಕಿದ್ದರೆ ‘ನೊಖ್ ಐನ್ಸ್, ಬಿಟೆ’, ಇನ್ನೊಂದು ಕೊಡಿ. ಕೊನೆಯ ‘ಬಿಟೆ’ಯನ್ನು ‘ಬಿಟ್ಟಾ’ ಎಂದು ಎಳೆಯಬೇಡಿ, ಅದು ‘ಕಹಿ’ ಎಂಬ ಪದಕ್ಕೆ ಹತ್ತಿರ.

ಇದೇ ಪದ ಬಿಲ್ಲಿನ ಹೊತ್ತಿಗೆ ಇನ್ನೊಮ್ಮೆ ಜೇಬಿಗೆ ಕತ್ತರಿ ಹಾಕಬಹುದು. 14 ಯೂರೋ ಬಿಲ್ಲಿಗೆ 20ರ ನೋಟು ಕೊಡುತ್ತ ‘ಡಾಂಕೆ’ ಎಂದರೆ ‘ಚಿಲ್ಲರೆ ನೀವೇ ಇಟ್ಟುಕೊಳ್ಳಿ’ ಎಂದು ತಿಳಿಯುವವರಿದ್ದಾರೆ. ಮೋಸವಲ್ಲ, ಅಲ್ಲಿನ ವಾಡಿಕೆ. ನಿಜವಾಗಿ ಹಾಗೆ ಹೇಳಬೇಕಿದ್ದರೆ ‘ಷ್ಟಿಮ್ಟ್ ಸೋ’ ಎನ್ನುತ್ತಾರೆ. ಸುರಕ್ಷಿತ ದಾರಿ ಎಂದರೆ ಟಿಪ್ಸ್ ಸೇರಿಸಿ ಎಷ್ಟು ತೆಗೆದುಕೊಳ್ಳಬೇಕೋ ಆ ಮೊತ್ತವನ್ನೇ ಹೇಳುವುದು: 14ಕ್ಕೆ ‘ಫ಼್ಯುನ್ಫ಼್‌ಟ್ಸೇನ್’, ಅಂದರೆ 15. ಡಾಂಕೆ ಚಿಲ್ಲರೆ ಕೈಗೆ ಬಂದ ಮೇಲೆ. ಬಿಲ್ಲು ತರುವಾಗ ‘ಟ್ಸುಜಾಮೆನ್ ಓಡ ಗೆಟ್ರೆಂಟ್?’ ಎಂಬ ಪ್ರಶ್ನೆ ಖಚಿತ: ಒಟ್ಟಿಗೋ, ಬೇರೆಬೇರೆಯೋ. ಅರ್ಥವಾಗದೆ ‘ಯಾ, ಯಾ’ ಎಂದು ಆರು ಜನರ ಬಿಲ್ಲು ಹೊತ್ತವರು ಕಡಿಮೆಯಿಲ್ಲ. ಮೊತ್ತ ಕೇಳಿಸಿಕೊಳ್ಳುವಾಗ ಬಿಡಿ ಸ್ಥಾನ ಮೊದಲು ಬರುತ್ತದೆ ಎಂಬುದನ್ನೂ ನೆನಪಿಡಿ. ಇಪ್ಪತ್ತೈದನ್ನು ಅವರು ‘ಐದು ಮತ್ತು ಇಪ್ಪತ್ತು’ ಎನ್ನುತ್ತಾರೆ, ಹಾಗಾಗಿ 25 ನಮ್ಮ ಕಿವಿಗೆ 52 ಆಗಿಬಿಡುತ್ತದೆ.

ಈಗ ಅಳತೆ ಮತ್ತು ಊರು. ಗೊಂದಲದ ದೊಡ್ಡ ಖಜಾನೆ ಇಲ್ಲೇ ಇರುವುದು. ಬರೀ ‘ಐನ್ ಬೀಅ’ ಎಂದರೆ ಊರಿಗೊಂದು ಅರ್ಥ. ನೀವಿರುವ ಬವೇರಿಯಾದಲ್ಲಿ ಸಾಮಾನ್ಯವಾಗಿ ಅದು ‘ಹೆಲೆಸ್’, ತಿಳಿ ಬಣ್ಣದ ಲಾಗರ್, ಅರ್ಧ ಲೀಟರ್. ಈ ಅರ್ಧ ಲೀಟರಿಗೆ ‘ಹಾಲ್ಬೆ’ ಎನ್ನುತ್ತಾರೆ, ಅರ್ಧ ಎಂದರ್ಥ. ಹೆಲೆಸ್ ಎಂದರೆ ಬಗೆ, ಹಾಲ್ಬೆ ಎಂದರೆ ಅಳತೆ, ಎರಡನ್ನೂ ಕಲಸಬೇಡಿ. ಬಿಯರ್ ಗಾರ್ಡನ್ನುಗಳಲ್ಲಿ, ದೊಡ್ಡ ಹಾಲ್‌ಗಳಲ್ಲಿ ಹೊತ್ತು ಏರಿದಂತೆ ಹೆಲೆಸ್ ಎಂದರೆ ನೇರವಾಗಿ ಒಂದು ಲೀಟರಿನ ‘ಮಸ್ಸ್’ ಬರುವ ಜಾಗಗಳಿವೆ. ನಿಮಗೆ ಆದದ್ದು ಅದೇ. ಮ್ಯೂನಿಕ್‌ನ ವಾರ್ಷಿಕ ಬಿಯರ್ ಉತ್ಸವ ಅಕ್ಟೋಬರ್‌ಫ಼ೆಸ್ಟ್‌ನಲ್ಲಂತೂ ಲಾಗರ್ ಬೇರೆ ಅಳತೆಯಲ್ಲಿ ಸಿಗುವುದಿಲ್ಲ. ಆ ಗಾಜಿನ ಮಗ್ಗೇ ಸುಮಾರು 1.3 ಕಿಲೋ, ತುಂಬಿದರೆ ಹತ್ತಿರ ಹತ್ತಿರ 2.3 ಕಿಲೋ. ಚಿಕ್ಕದು ಬೇಕಿದ್ದರೆ ಕೂತ ಕೂಡಲೇ ‘ಐನೆ ಹಾಲ್ಬೆ’ ಎಂದು ಅಳತೆಯನ್ನೇ ಹೇಳಿ ನೋಡಿ, ಇಲ್ಲವೆಂದರೆ ಆಗ ತೀರ್ಮಾನಿಸಬಹುದು.

‘ಮಸ್ಸ್’ ಬಗ್ಗೆ ಒಂದು ಮಾತು. ಪುಸ್ತಕದ ಜರ್ಮನ್‌ನಲ್ಲಿ ಇದೇ ಅಕ್ಷರಗಳು ದೀರ್ಘ ಸ್ವರದ ‘ಮಾಸ್’, ಅಂದರೆ ಅಳತೆ ಎಂಬ ಪದ. ಬವೇರಿಯಾದವರ ಬಾಯಲ್ಲಿ ಬಿಯರಿನದು ಹ್ರಸ್ವ, ಒತ್ತಕ್ಷರದ ‘ಮಸ್ಸ್’. ಜರ್ಮನಿಯ ಬೇರೆ ಕಡೆಯಿಂದ ಬಂದವರೂ ಇಲ್ಲಿ ಎಳೆದು ಸಿಕ್ಕಿಬೀಳುತ್ತಾರೆ. ಹ್ರಸ್ವ ದೀರ್ಘಗಳನ್ನು ಎರಡನೇ ತರಗತಿಯಲ್ಲೇ ತಿದ್ದಿಸಿಕೊಂಡ ಕನ್ನಡಿಗನಿಗೆ ಇದು ಸಲೀಸು. ಇನ್ನೊಂದು ಸಮಾಧಾನದ ಸಂಗತಿ: ನಿಮ್ಮ ನಾಲಿಗೆ ತುದಿಯ ‘ರ್’ ಬಗ್ಗೆ ಚಿಂತೆ ಬೇಡ. ಗಂಟಲಿನ ರ್ ಬರುವುದಿಲ್ಲ ಎಂದು ಕೊರಗುವವರು ಬಹಳ. ಬವೇರಿಯಾದ ಹಳ್ಳಿಗಳಲ್ಲಿ ಜನ ನಿಮ್ಮ ಹಾಗೆಯೇ ನಾಲಿಗೆ ತುದಿಯಲ್ಲೇ ರ್ ಹೊರಳಿಸುತ್ತಾರೆ.

ಗೋಧಿಯ ಬಿಯರ್‌ಗೆ ಬವೇರಿಯಾದಲ್ಲಿ ‘ವೈಸ್‌ಬೀಅ’, ಉತ್ತರಕ್ಕೆ ಹೋದಂತೆ ‘ವೈಟ್ಸೆನ್’. ಬೆಂಗಳೂರಿನ ಬ್ರೂಪಬ್ಬುಗಳಲ್ಲಿ ‘ಹೆಫಿವೀಝನ್’ ಎಂದು ಕರೆಸಿಕೊಳ್ಳುವುದು ಇದೇ, ‘ಹೇಫ಼ವೈಟ್ಸೆನ್’. ಬರಹದಲ್ಲಿ ಇ ಮುಂದೆ ಐ ಬಂದರೆ ‘ಐ’, ಐ ಮುಂದೆ ಇ ಬಂದರೆ ‘ಈ’, ಎರಡನೇ ಅಕ್ಷರವನ್ನು ಇಂಗ್ಲಿಷಿನಲ್ಲಿ ಓದಿದರೆ ಸ್ವರ ಸಿಕ್ಕಿತು. ಇದನ್ನು ತಿರುಗಿಸಿ ‘ವೀಸನ್’ ಎಂದರೆ ಮ್ಯೂನಿಕ್‌ನವರಿಗೆ ಅಕ್ಟೋಬರ್‌ಫ಼ೆಸ್ಟ್‌ನ ಮೈದಾನ ನೆನಪಾಗುತ್ತದೆ, ಅದರ ಮುದ್ದಿನ ಹೆಸರು ‘ವೀಸ್ನ್’. ವೈಸ್‌ಬೀಅ ಎಂಬುದರ ಎರಡನೇ ಭಾಗ ನುಂಗಿದರೆ ವೈಸ್‌ವೈನ್, ಬಿಳಿ ವೈನ್ ಬರಬಹುದು. ಬರ್ಲಿನ್‌ನಲ್ಲಿ ‘ವೈಸೆ’ ಎಂದರೆ ಕಥೆಯೇ ಬೇರೆ. ಅದು ಹುಳಿ ಬಿಯರ್. ‘ಕೆಂಪೋ ಹಸಿರೋ’ ಎಂದು ಕೇಳುತ್ತಾರೆ, ಕೆಂಪು ರಾಸ್ಬೆರಿ ಸಿರಪ್ಪು, ಹಸಿರು ವಾಲ್ಡ್‌ಮೈಸ್ಟರ್ ಎಂಬ ಕಾಡುಗಿಡದ ಸಿರಪ್ಪು.

ಹೆಸರು ನೋಡಿ ಮೋಸಹೋಗುವ ಪಾನೀಯಗಳೂ ಇವೆ. ‘ರಾಡ್ಲರ್’ ಎಂದರೆ ಸೈಕಲ್ ಸವಾರ, ಬಂದರೆ ಅರ್ಧ ಬಿಯರ್ ಅರ್ಧ ನಿಂಬೆ ಸೋಡಾ. ಹ್ಯಾಂಬರ್ಗ್ ಕಡೆ ಅದೇ ‘ಆಲ್‌ಸ್ಟರ್’, ಅಲ್ಲಿನ ನದಿಯ ಹೆಸರು. ಬಿಯರ್‌ಗೆ ಕೋಲಾ ಬೆರೆಸಿದರೆ ಹಲವು ಕಡೆ ‘ಡೀಸೆಲ್’. ‘ಎಕ್ಸ್‌ಪೋರ್ಟ್’ ಎಂದರೆ ವಿದೇಶಕ್ಕೆ ಹೋಗುವ ಮಾಲಲ್ಲ, ಒಂದು ಬಗೆಯ ಲಾಗರ್. ‘ಹೆರೆನ್‌ಗೆಡೆಕ್’ ಎಂದು ಮೆನುವಿನಲ್ಲಿ ಕಂಡು ಊಟವೆಂದುಕೊಂಡು ಕೇಳಿದವರಿಗೆ ಬಿಯರ್ ಜೊತೆ ಒಂದು ಚಿಕ್ಕ ಲೋಟ ಗಟ್ಟಿ ಮದ್ಯವೂ ಬರುತ್ತದೆ.

ಕಲೋನ್‌ನಲ್ಲಿ ನಿಮಗೆ ಆದದ್ದು ಪೂರ್ತಿ ಪದ್ಧತಿಯ ವಿಷಯ. ಅಲ್ಲಿನ ಬಿಯರ್ ‘ಕ್ಯೋಲ್ಶ್’. ಆ ಹೆಸರನ್ನು ಯಾರು ಬಳಸಬಹುದು ಎಂದು ಬ್ರೂವರಿಗಳು 1986ರಲ್ಲಿ ಒಪ್ಪಂದ ಮಾಡಿಕೊಂಡಿವೆ, ಐರೋಪ್ಯ ಒಕ್ಕೂಟದ ಭೌಗೋಳಿಕ ರಕ್ಷಣೆಯೂ ಇದೆ, ನಮ್ಮ ಮೈಸೂರು ಮಲ್ಲಿಗೆಗೆ ಇರುವಂಥದ್ದೇ. ಕೊಡುವುದು 0.2 ಲೀಟರಿನ ತೆಳ್ಳನೆಯ ಲೋಟದಲ್ಲಿ. ಬಡಿಸುವವನಿಗೆ ‘ಕ್ಯೋಬೆಸ್’ ಎಂದು ಹೆಸರು. ನಿಮ್ಮ ಲೋಟ ಖಾಲಿಯಾಗುತ್ತಿದ್ದ ಹಾಗೆ ಕೇಳದೆ ಹೊಸದು ಇಟ್ಟು, ರಟ್ಟಿನ ಮೇಲೆ ಗೀಟು ಎಳೆಯುತ್ತಾನೆ. ಸಾಕೆಂದರೆ ಅದೇ ರಟ್ಟನ್ನು ಲೋಟದ ಮೇಲೆ ಮುಚ್ಚಬೇಕು. ಮದುವೆ ಊಟದಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ.  ಚಿಕ್ಕ ಲೋಟವೆಂದು ಲೆಕ್ಕ ತಪ್ಪುವುದು ಇಲ್ಲಿನ ನಿಜವಾದ ಅಪಾಯ: ಹನ್ನೊಂದು ಗೀಟು ಎಂದರೆ 2.2 ಲೀಟರ್, ಎರಡು ಮಸ್ಸ್‌ಗಿಂತ ಹೆಚ್ಚು. ರಟ್ಟನ್ನು ಕಳೆಯಬೇಡಿ, ಅದೇ ನಿಮ್ಮ ಬಿಲ್ಲು.

ಅಲ್ಲಿಂದ ಸುಮಾರು 40 ಕಿಲೋಮೀಟರ್ ಉತ್ತರದ ಡ್ಯೂಸೆಲ್‌ಡಾರ್ಫ಼್‌ನಲ್ಲಿ ಬಿಯರ್ ‘ಆಲ್ಟ್’. ‘ಹಳೆಯ’ ಎಂದರ್ಥ, ಹಳಸಿದ್ದು ಎಂದಲ್ಲ, ಹಳೆಯ ವಿಧಾನದಲ್ಲಿ ಮಾಡಿದ್ದು. ಕಲೋನ್‌ನಲ್ಲಿ ಆಲ್ಟ್, ಡ್ಯೂಸೆಲ್‌ಡಾರ್ಫ಼್‌ನಲ್ಲಿ ಕ್ಯೋಲ್ಶ್ ಕೇಳಬೇಡಿ, ಎರಡೂ ಊರಿಗೆ ಹಳೆಯ ಹುಡುಗಾಟದ ಜಿದ್ದಿದೆ. ಹಳೆ ಮೈಸೂರು ಸೀಮೆಯ ನಮ್ಮಲ್ಲಿ ಕೆಲವರಿಗೆ ಹಕಾರ ಅಕಾರ ಅದಲುಬದಲಾಗುವ ಅಭ್ಯಾಸವಿದೆ, ಹಾಲು ಆಲಾಗುತ್ತದೆ, ಆಲ ಹಾಲವಾಗುತ್ತದೆ. ಅಂಥವರು ‘ಆಲ್ಟ್, ಬಿಟೆ’ ಬದಲು ‘ಹಾಲ್ಟ್, ಬಿಟೆ’ ಎಂದರೆ ‘ನಿಲ್ಲಿ, ದಯವಿಟ್ಟು’ ಎಂದಾಗುತ್ತದೆ. ಹೆಲೆಸ್‌ನ ಹ ಬಿದ್ದು ‘ಎಲ್ಲೆಸ್’ ಆದರೆ ‘ಆಲೆಸ್’, ಅಂದರೆ ‘ಎಲ್ಲವೂ’ ಎಂಬುದಕ್ಕೆ ಹತ್ತಿರ. ನಿಮಗೆ ಈ ಅಭ್ಯಾಸವಿದ್ದರೆ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳಿ ನೋಡಿ. ಹ ಇದ್ದರೆ ಬಿಸಿಯುಸಿರು ತಾಗುತ್ತದೆ. ಹಾಗೆಯೇ ಪದದ ಕೊನೆಗೆ ಉಕಾರ ಸೇರಿಸುವ ನಮ್ಮ ಸಹಜ ಲಯವನ್ನು ಸ್ವಲ್ಪ ತಡೆಯಿರಿ. ಬಸ್ಸು, ಕಾರು ಎಂದ ಹಾಗೆ ಬೀರು ಎಂದರೆ ಕನ್ನಡಿಗರಿಗೇ ಸೀರೆ ಇಡುವ ಕಬ್ಬಿಣದ ಕಪಾಟು ಕಣ್ಣೆದುರು ಬರುತ್ತದೆ. ಜರ್ಮನ್‌ನ ‘ಬೀಅ’ ಕೊನೆಯಲ್ಲಿ ರ್ ಕೂಡ ಕರಗಿ ಅಕಾರವಾಗುತ್ತದೆ.

ಆರು ಬಿಯರ್ ಕೇಳಲು ನಾಚುವವರಿದ್ದಾರೆ. ‘ಜ಼ೆಕ್ಸ್’ ಎಂಬ ಪದ ಬಾಯಲ್ಲಿ ‘ಸೆಕ್ಸ್’ ಆದೀತೆಂಬ ಮುಜುಗರ. ಬವೇರಿಯಾದಲ್ಲಿ ಪದದ ಆರಂಭದ ಜ಼ ಇಲ್ಲವೇ ಇಲ್ಲ, ಅಲ್ಲಿನವರೇ ಸಕಾರದಿಂದ ಹೇಳುತ್ತಾರೆ. ಧೈರ್ಯವಾಗಿ ಕೇಳಿ.

ತಪ್ಪು ಉಚ್ಚಾರಣೆಯಿಂದಲೇ ಹುಟ್ಟಿದ ಬಿಯರೊಂದು ಮ್ಯೂನಿಕ್‌ನಲ್ಲಿದೆ, ಈ ವಿಷಯದಲ್ಲಿ ನನಗೆ ತುಂಬ ಪ್ರಿಯವಾದ ಸಂಗತಿ. ಉತ್ತರದ ‘ಐನ್‌ಬೆಕ್’ ಎಂಬ ಊರಿನ ಗಟ್ಟಿ ಬಿಯರ್ ಒಂದು ಕಾಲಕ್ಕೆ ದೂರದೂರಕ್ಕೆ ಹೋಗುತ್ತಿತ್ತು. 1589ರಲ್ಲಿ ಸ್ಥಾಪನೆಯಾದ ಮ್ಯೂನಿಕ್‌ನ ಹೋಫ಼್‌ಬ್ರೊಯ್‌ಹೌಸ್ 17ನೇ ಶತಮಾನದ ಆರಂಭದಲ್ಲಿ ಐನ್‌ಬೆಕ್‌ನಿಂದಲೇ ಬಿಯರ್ ಮಾಡುವವನನ್ನು ಕರೆಸಿ ಅಂಥದ್ದನ್ನು ತಾನೇ ತಯಾರಿಸಿತು. ಬವೇರಿಯಾದವರ ನಾಲಿಗೆಯಲ್ಲಿ ಐನ್‌ಬೆಕ್ ‘ಐನ್‌ಪೊಕ್’ ಆಯಿತು, ಆಮೇಲೆ ‘ಐನ್ ಬಾಕ್’ ಆಯಿತು. ಐನ್ ಎಂದರೆ ಒಂದು, ಬಾಕ್ ಎಂದರೆ ಹೋತ. ಜನ ‘ಒಂದು ಹೋತ’ ಎಂದು ಬಿಯರ್ ಕೇಳತೊಡಗಿದರು. ಈಗ ಬಾಕ್ ಒಂದು ಪ್ರಸಿದ್ಧ ಬಗೆ, ಲೇಬಲ್ಲುಗಳ ಮೇಲೆ ಕೊಂಬಿನ ಹೋತ ನಿಂತಿರುತ್ತದೆ. ಮಡಿಕೇರಿ ಬ್ರಿಟಿಷರ ಬಾಯಲ್ಲಿ ಮರ್ಕರಾ ಆದ ಹಾಗೆ. ಈ ಹೋತನನ್ನು ಹಗುರವಾಗಿ ಕಾಣಬೇಡಿ: ಹೆಲೆಸ್‌ನ ಮದ್ಯಾಂಶ ಸುಮಾರು ಶೇ 5, ಬಾಕ್‌ನ ಇನ್ನೂ ಗಟ್ಟಿ ಬಗೆಯಾದ ‘ಡಾಪೆಲ್‌ಬಾಕ್’ನದು ಶೇ 7ಕ್ಕೂ ಮೇಲೆ. ಸಿಹಿಯಾಗಿರುವುದರಿಂದ ಗೊತ್ತಾಗದೆ ಇಳಿಯುತ್ತದೆ.

ಇಂಗ್ಲಿಷಿನಲ್ಲೇ ಕೇಳಬಹುದೇ? ಮ್ಯೂನಿಕ್, ಬರ್ಲಿನ್‌ನಂಥ ಕಡೆ ನಡೆಯುತ್ತದೆ. ಆದರೆ ಇಂಗ್ಲಿಷ್ ಬಂದ ಮಾತ್ರಕ್ಕೆ ಎಡವಟ್ಟು ತಪ್ಪುವುದಿಲ್ಲ. ‘ಲೈಟ್ ಬಿಯರ್’ ಎಂದರೆ ಒಬ್ಬರಿಗೆ ತಿಳಿ ಬಣ್ಣದ್ದು, ಇನ್ನೊಬ್ಬರಿಗೆ ಮದ್ಯಾಂಶ ಕಡಿಮೆಯದು. ‘ಹಾಫ್’ ಎಂದರೆ ಇಂಗ್ಲೆಂಡಿನಲ್ಲಿ ಅರ್ಧ ಪಿಂಟ್, ಅಂದರೆ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು, ಇಲ್ಲಿ ಅರ್ಧ ಲೀಟರ್. ಅತ್ತ ಕಡೆಯಿಂದಲೂ ಗೊಂದಲ ಬರುತ್ತದೆ. ಜರ್ಮನ್‌ನಲ್ಲಿ ‘ಬೆಕೊಮೆನ್’ ಎಂದರೆ ಪಡೆಯುವುದು, ಅದನ್ನು ಇಂಗ್ಲಿಷಿಗೆ ತರುವಾಗ ‘ಬಿಕಮ್’ ಮಾಡಿ ‘ಹೂ ಬಿಕಮ್ಸ್ ದ ಬಿಯರ್?’ ಎಂದು ಕೇಳುವವರುಂಟು. ಬಿಯರ್ ಯಾರಿಗೆ ಎಂದಷ್ಟೇ ಅದರ ಅರ್ಥ. ನನ್ನ ಸಲಹೆ: ಮೊದಲ ವಾಕ್ಯ ಜರ್ಮನ್‌ನಲ್ಲಿರಲಿ, ಅದರಲ್ಲಿ ಸಂಖ್ಯೆ, ಬಗೆ, ಅಳತೆ ಈ ಮೂರೂ ಇರಲಿ. ‘ನನಗೆ ಬೇಕಿತ್ತು’ ಎಂಬ ವಿನಯದ ‘ಇಶ್ ಹೆಟೆ ಗೆರ್ನ್’ ಸರಿಯಾಗಿ ಬರದಿದ್ದರೆ ಬಿಟ್ಟುಬಿಡಿ. ಹೆಟೆ ಜಾರಿ ‘ಹಾಟೆ’ ಆದರೆ ‘ನನ್ನ ಬಳಿ ಇತ್ತು’ ಎಂಬ ಭೂತಕಾಲವಾಗುತ್ತದೆ. ‘ಐನ್ ಹೆಲೆಸ್, ಬಿಟೆ’ ಎಂಬುದೇ ಸಾಕಷ್ಟು ಮರ್ಯಾದೆಯ ಮಾತು.

ನಿಮ್ಮ ಪತ್ನಿಯ ವಿಷಯಕ್ಕೆ ಎಚ್ಚರಿಕೆ ಹೆಚ್ಚು ಬೇಕು, ಇಲ್ಲಿನ ತಪ್ಪು ನಕ್ಕು ಮರೆಯುವಂಥದ್ದಲ್ಲ. ‘ಆಲ್ಕೊಹೋಲ್‌ಫ಼್ರೈ’ ಎಂದು ಬರೆದ ಬಿಯರ್‌ನಲ್ಲಿ ಜರ್ಮನಿಯಲ್ಲಿ ಶೇ 0.5ರವರೆಗೆ ಮದ್ಯಾಂಶ ಇರಬಹುದು. ಒಂದು ಹನಿಯೂ ಬೇಡವೆಂದರೆ ಬಾಟಲಿಯ ಮೇಲೆ 0.0 ಎಂದಿರುವುದನ್ನೇ ಕೇಳಬೇಕು, ‘ನುಲ್ ಕೊಮಾ ನುಲ್’. ಲೋಟದಲ್ಲಿ ತಂದರೆ ಬಾಟಲಿ ತೋರಿಸಲು ಹೇಳುವುದರಲ್ಲಿ ಸಂಕೋಚ ಬೇಡ. ರಾಡ್ಲರ್ ನಿಂಬೆ ಸೋಡಾದಂತೆ ಕಂಡರೂ ಅದರಲ್ಲಿ ಬಿಯರ್ ಇದೆ. ಗೊಂದಲವೇ ಇಲ್ಲದ್ದು ‘ಆಪ್ಫೆಲ್‌ಷೋರ್ಲೆ’, ಸೇಬಿನ ರಸಕ್ಕೆ ಸೋಡಾ. ಆದರೆ ಫ಼್ರಾಂಕ್‌ಫ಼ರ್ಟ್‌ನಲ್ಲಿ ‘ಆಪ್ಫೆಲ್‌ವೈನ್’, ‘ಎಪ್ಲರ್’ ಎಂದರೆ ಸೇಬಿನ ಮದ್ಯ. ಎರಡನ್ನೂ ಅಕ್ಕಪಕ್ಕ ಬರೆದಿಟ್ಟುಕೊಳ್ಳಿ.

ಊಟದ ಹೆಸರುಗಳು ಇನ್ನೂ ಮೋಸದವು. ನಿಮ್ಮ ಗೆಳೆಯನಿಗೆ ಬಂದ ‘ಹಾಲ್ವೆ ಹಾನ್’ ಹೆಸರಿಗೆ ಅರ್ಧ ಹುಂಜ, ತಟ್ಟೆಯಲ್ಲಿ ರೈ ಬನ್ನು, ಬೆಣ್ಣೆ, ದಪ್ಪನೆಯ ಗೌಡಾ ಚೀಸ್. ಅವನಿಗೆ ನಿರಾಸೆಯಾದದ್ದು ನಿಮ್ಮ ಪತ್ನಿಗೆ ಒಳ್ಳೆಯ ಊಟ. ಅದೇ ಮೆನುವಿನ ‘ಕ್ಯೋಲ್ಶೆ ಕಾವಿಯಾರ್’ ಎಂದರೆ ರಕ್ತದ ಸಾಸೇಜು ಮತ್ತು ಈರುಳ್ಳಿ. ‘ಹಿಮೆಲ್ ಉನ್ ಏಡ್’ ಎಂದರೆ ‘ಆಕಾಶ ಮತ್ತು ಭೂಮಿ’, ಸೇಬು ಮತ್ತು ಆಲೂಗಡ್ಡೆ, ಜೊತೆಗೆ ಮತ್ತೆ ಆ ಸಾಸೇಜು. ಬವೇರಿಯಾದಲ್ಲಿ ‘ಲೇಬರ್‌ಕೇಸ್’ ಎಂಬುದರ ಕೊನೆಗೆ ಚೀಸ್ ಎಂಬ ಪದವಿದೆ, ಆದರೆ ಅದು ಪೂರ್ತಿ ಮಾಂಸ. ಸಸ್ಯಾಹಾರಿಗೆ ಅಲ್ಲಿ ‘ಒಬಾಟ್ಸ್‌ದಾ’ ಇದೆ, ಚೀಸ್, ಬೆಣ್ಣೆ, ಮೆಣಸಿನ ಪುಡಿ ಕಲಸಿದ ಮುದ್ದೆ, ಬ್ರೆಟ್ಸೆಲ್ ಎಂಬ ಗಂಟಿನಾಕಾರದ ಬ್ರೆಡ್ಡಿನ ಜೊತೆ ಚೆನ್ನಾಗಿರುತ್ತದೆ. ಕೆಲವರು ಇದನ್ನು ಕಲಸುವಾಗ ಒಂದಿಷ್ಟು ಬಿಯರ್ ಹಾಕುತ್ತಾರೆ, ಹಾಗಾಗಿ ‘ಓನೆ ಬೀಅ?’ ಎಂದು ಕೇಳಿಕೊಳ್ಳಿ, ಬಿಯರ್ ಇಲ್ಲದ್ದೇ ಎಂದು.

ಬಿಲ್ಲು ಬೆಲೆಪಟ್ಟಿಗಿಂತ ಹೆಚ್ಚು ಬಂತೆಂದು ಗಾಬರಿಯಾಗುವ ಮೊದಲು ‘ಫ಼ಾಂಡ್’ ನೋಡಿ, ಅದು ಮಗ್ಗು, ಬಾಟಲಿಯ ಠೇವಣಿ, ಹಿಂದಿರುಗಿಸಿದರೆ ವಾಪಸ್ಸು. ಅಂಗಡಿಯ ಮಾಮೂಲಿ ಬಿಯರ್ ಬಾಟಲಿಗೆ 8 ಸೆಂಟ್, ಡಬ್ಬಿಗೆ 25. ನೊರೆ ಹೆಚ್ಚಾಯಿತೆನಿಸಿದರೆ ಲೋಟದ ಮೇಲಿನ ಗೆರೆ ನೋಡಿ. ನೊರೆ ಇಳಿದ ಮೇಲೆ ಬಿಯರ್ ಗೆರೆ ಮುಟ್ಟದಿದ್ದರೆ ‘ನಾಖ್‌ಷೆಂಕೆನ್, ಬಿಟೆ’ ಎಂದು ತುಂಬಿಸಿಕೊಳ್ಳುವ ಹಕ್ಕು ನಿಮಗಿದೆ.

ಪ್ರಾಗ್‌ನಲ್ಲಿ ಭಾಷೆ ಬೇರೆ, ಹಳ್ಳಗಳು ಹೆಚ್ಚುಕಡಿಮೆ ಅವೇ. ಮೆನುವಿನಲ್ಲಿ 10°, 12° ಎಂದಿರುವುದು ಮದ್ಯಾಂಶವಲ್ಲ, ಕುದಿಸಿದ ಮಾಲ್ಟ್ ರಸದಲ್ಲಿ ಹುಳಿಯುವ ಮೊದಲು ಇದ್ದ ಸಕ್ಕರೆ ಮೊದಲಾದ ಅಂಶ. 10° ಎಂದರೆ ಸುಮಾರು ಶೇ 4, 12° ಎಂದರೆ ಸುಮಾರು ಶೇ 5. ಹಳೆಯ ಪಬ್ಬುಗಳಲ್ಲಿ ಕಲೋನ್‌ನ ಹಾಗೆಯೇ ಕೇಳದೆ ಮುಂದಿನ ಲೋಟ ಬರುತ್ತದೆ, ಮೇಜಿನ ಮೇಲಿನ ಚೀಟಿಗೆ ಗೀಟು ಬೀಳುತ್ತದೆ. ಆಗ ನೀವು ಇಂಗ್ಲಿಷಿನಲ್ಲಿ ‘ನೋ, ನೋ’ ಎಂದರೆ ಇನ್ನೊಂದು ಬಂದರೂ ಬಂದೀತು. ಚೆಕ್ ಭಾಷೆಯಲ್ಲಿ ಹೌದು ಎಂಬುದಕ್ಕೆ ‘ಅನೊ’, ಆಡುಮಾತಿನಲ್ಲಿ ಅದು ಮೊಟಕಾಗಿ ‘ನೊ’. ನಮ್ಮ ‘ಹೂಂ’, ‘ಉಹೂಂ’ ಪರದೇಶದವರಿಗೆ ಹೇಗೋ ಹಾಗೆ. ಬೇಡ ಎನ್ನಲು ‘ನೆ’, ಜೊತೆಗೆ ಲೋಟದ ಮೇಲೆ ರಟ್ಟು. ಬೇಕಿದ್ದರೆ ಒಂದಕ್ಕೆ ‘ಯೆದ್ನೊ ಪಿವೊ’, ಎರಡಕ್ಕೆ ‘ದ್ವ್ಯೆ ಪಿವಾ’, ಐದಕ್ಕೆ ‘ಪ್ಯೆತ್ ಪಿವ್’. ಈ ಪ್ರತ್ಯಯ ತಪ್ಪಿದರೂ ಬಿಯರ್ ಬರುತ್ತದೆ. ಎಣಿಕೆ ಅಲ್ಲೂ ಹೆಬ್ಬೆರಳಿನಿಂದಲೇ.